ಹರಳಿನೊಳಗಿನ ಅಣು, ಒಂದು ಸಾಲಿನ ಆದೇಶ

ಕಾಲೇಜಿನ ರಸಾಯನಶಾಸ್ತ್ರ ಪುಸ್ತಕದಲ್ಲಿ ಅಣುಗಳ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಒಂದು ಷಟ್ಕೋನ, ಅದಕ್ಕೆ ಅಂಟಿಕೊಂಡ ಪಂಚಕೋನ, ಅಲ್ಲೊಂದು ಸಾರಜನಕ, ಇಲ್ಲೊಂದು ಆಮ್ಲಜನಕ. ಎರಡು ಪರಮಾಣುಗಳ ನಡುವೆ ಎಷ್ಟು ದೂರ, ಯಾವ ಕೋನ ಎಂಬುದನ್ನು ಕೂಡ ದಶಮಾಂಶ ಬಿಂದುವಿನ ಆಚೆ ಮೂರು ಸ್ಥಾನಗಳವರೆಗೆ ಅಚ್ಚು ಹಾಕಿರುತ್ತಾರೆ. ಇಷ್ಟು ನಿಖರವಾಗಿ ಇದನ್ನೆಲ್ಲ ಕಂಡವರು ಯಾರು? ಯಾವ ಸೂಕ್ಷ್ಮದರ್ಶಕದಲ್ಲಿ?

ಉತ್ತರ ತುಸು ಅನಿರೀಕ್ಷಿತವಾದದ್ದು. ಇಂಥ ಚಿತ್ರಗಳಲ್ಲಿ ಬಹುಪಾಲಿನವನ್ನು ಯಾರೂ ನೇರವಾಗಿ ಕಂಡಿಲ್ಲ. ಲೆಕ್ಕ ಹಾಕಿ ಬರೆದಿದ್ದಾರೆ. ಒಂದು ಕಾಲಕ್ಕೆ ಕಾಗದದ ಪಟ್ಟಿಗಳನ್ನು ಜೋಡಿಸಿ ತಿಂಗಳುಗಟ್ಟಲೆ ಮಾಡುತ್ತಿದ್ದ ಈ ಲೆಕ್ಕವನ್ನು ಇಂದು ಮೇಜಿನ ಮೇಲಿನ ಕಂಪ್ಯೂಟರ್ ಕೆಲವು ಸೆಕೆಂಡುಗಳಲ್ಲಿ ಮುಗಿಸುತ್ತದೆ. ಒಂದು ಸಾಲಿನ ಆದೇಶ ಬೆರಳಚ್ಚಿಸಿದರೆ ಸಾಕು. ಅದೂ ಬೇಡವೆಂದರೆ ಪರದೆಯ ಮೇಲಿನ ಒಂದು ಗುಂಡಿಯನ್ನು ಒತ್ತಿದರಾಯಿತು. ಶ್ರಮ ಇಷ್ಟು ಕಡಿಮೆಯಾದ ಮೇಲೆ ರಸಾಯನ ವಿಜ್ಞಾನಿಗೆ ಉಳಿದಿರುವ ಕೆಲಸವಾದರೂ ಏನು? ಈ ಪ್ರಶ್ನೆಗೆ ಉತ್ತರ ಬೇಕಾದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕು.

ಮೈಲುತುತ್ತದಿಂದ ಆರಂಭ

ಕಣ್ಣಿಗೆ ಕಾಣುವ ಬೆಳಕಿನ ತರಂಗದೂರ ಸುಮಾರು 4000ದಿಂದ 7000 ಆಂಗ್‌ಸ್ಟ್ರಾಮ್. ಒಂದು ಸೆಂಟಿಮೀಟರಿನ ಹತ್ತು ಕೋಟಿಯ ಒಂದು ಭಾಗವೇ ಆಂಗ್‌ಸ್ಟ್ರಾಮ್. ಅಣುವಿನೊಳಗೆ ಪರಮಾಣುಗಳ ನಡುವಣ ಅಂತರ ಒಂದೆರಡು ಆಂಗ್‌ಸ್ಟ್ರಾಮ್ ಮಾತ್ರ. ಹಾಗಾಗಿ ಬೆಳಕಿನಿಂದ ಪರಮಾಣುವನ್ನು ನೋಡಲು ಹೊರಡುವುದು ಹಾರೆಯಿಂದ ಸಾಸಿವೆಕಾಳನ್ನು ಹೆಕ್ಕಲು ಹೋದಂತೆ. ರಾಂಟ್‌ಜೆನ್ 1895ರಲ್ಲಿ ಕಂಡುಹಿಡಿದ ಕ್ಷ-ಕಿರಣಗಳ ತರಂಗದೂರವಾದರೋ ಸರಿಸುಮಾರು ಪರಮಾಣುಗಳ ಅಂತರದಷ್ಟೇ. 1912ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಲಾವೆ ನೀಡಿದ ಸೂಚನೆಯಂತೆ ಫ್ರೀಡ್ರಿಕ್ ಮತ್ತು ಕ್ನಿಪ್ಪಿಂಗ್ ಎಂಬ ಇಬ್ಬರು ಮೈಲುತುತ್ತದ ಹರಳಿನ ಮೂಲಕ ಕ್ಷ-ಕಿರಣವನ್ನು ಹಾಯಿಸಿದರು. ಹಿಂದೆ ಇಟ್ಟಿದ್ದ ಛಾಯಾಫಲಕದ ಮೇಲೆ ಚುಕ್ಕೆಗಳು ಮೂಡಿದವು. ಹರಳಿನೊಳಗೆ ಪರಮಾಣುಗಳು ಶಿಸ್ತಾಗಿ ಸಾಲುಗಟ್ಟಿ ನಿಂತಿವೆ ಎಂಬುದಕ್ಕೆ ಅದೇ ಸಾಕ್ಷಿಯಾಯಿತು.

ಮರುವರ್ಷವೇ ಇಂಗ್ಲೆಂಡಿನಲ್ಲಿ ಬ್ರಾಗ್ ತಂದೆ-ಮಗ ಆ ಚುಕ್ಕೆಗಳಿಂದ ಪರಮಾಣುಗಳ ಸ್ಥಾನವನ್ನು ಲೆಕ್ಕ ಹಾಕುವ ದಾರಿ ತೋರಿಸಿದರು. ಮೊದಲು ಬಿಡಿಸಿದ ರಚನೆಗಳಲ್ಲಿ ಅಡುಗೆ ಉಪ್ಪೂ ಒಂದು. ಫಲಿತಾಂಶ ರಸಾಯನಶಾಸ್ತ್ರಜ್ಞರನ್ನು ದಂಗುಬಡಿಸಿತು. ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಒಂದು ಕ್ಲೋರಿನ್ ಸೇರಿದ ಜೋಡಿಯೇ ಇರಲಿಲ್ಲ! ಪ್ರತಿ ಸೋಡಿಯಂನ ಸುತ್ತ ಆರು ಕ್ಲೋರಿನ್, ಪ್ರತಿ ಕ್ಲೋರಿನ್‌ನ ಸುತ್ತ ಆರು ಸೋಡಿಯಂ, ಚದುರಂಗದ ಮಣೆಯಂತೆ. ಹಿರಿಯ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಷ್ಟು ತಡವಾಗಿ ಕೂಡ ಇದನ್ನು ಪತ್ರಿಕೆಯಲ್ಲಿ ಗೇಲಿ ಮಾಡಿದ್ದುಂಟು. ಆದರೆ ಲೆಕ್ಕ ಬ್ರಾಗ್‌ರ ಪರವಾಗಿತ್ತು. 1915ರಲ್ಲಿ ತಂದೆ-ಮಗ ಇಬ್ಬರೂ ನೊಬೆಲ್ ಪ್ರಶಸ್ತಿ ಹಂಚಿಕೊಂಡಾಗ ಮಗ ಲಾರೆನ್ಸ್‌ಗೆ ಕೇವಲ 25 ವರ್ಷ.

ಕಳೆದುಹೋದ ಅರ್ಧ ಮಾಹಿತಿ

ಉಪ್ಪಿನ ಹರಳು ಸರಳ. ಹತ್ತಾರು ಪರಮಾಣುಗಳಿರುವ ಅಣುವಿನ ವಿಷಯಕ್ಕೆ ಬಂದರೆ ದೊಡ್ಡ ತೊಡಕೊಂದು ಎದುರಾಗುತ್ತದೆ. ಹರಳಿನಿಂದ ಚೆದುರಿ ಬರುವ ಒಂದೊಂದು ಕಿರಣವೂ ಒಂದು ಅಲೆ. ಎಲ್ಲ ಅಲೆಗಳನ್ನೂ ಸರಿಯಾಗಿ ಕೂಡಿಸಿದರೆ ಹರಳಿನೊಳಗೆ ಇಲೆಕ್ಟ್ರಾನುಗಳು ಎಲ್ಲೆಲ್ಲಿ ದಟ್ಟವಾಗಿವೆ ಎಂಬ ನಕ್ಷೆ ಸಿಗುತ್ತದೆ. ದಟ್ಟವಾಗಿರುವಲ್ಲಿ ಪರಮಾಣು ಇದೆ ಎಂದರ್ಥ. ಆದರೆ ಛಾಯಾಫಲಕ ಹೇಳುವುದು ಅಲೆ ಎಷ್ಟು ಪ್ರಬಲ ಎಂಬುದನ್ನು ಮಾತ್ರ. ಅದರ ಏರು ಎಲ್ಲಿ, ಇಳಿವು ಎಲ್ಲಿ ಎಂಬುದು ದಾಖಲಾಗುವುದೇ ಇಲ್ಲ. ಮೇಳದಲ್ಲಿ ಪ್ರತಿ ವಾದ್ಯವೂ ಎಷ್ಟು ಜೋರಾಗಿ ನುಡಿಯಿತೆಂಬುದು ಗೊತ್ತಿದ್ದು, ಯಾವ ಗಳಿಗೆಯಲ್ಲಿ ನುಡಿಯಿತೆಂಬುದೇ ಗೊತ್ತಿಲ್ಲದಿದ್ದರೆ ಹಾಡನ್ನು ಮತ್ತೆ ಕಟ್ಟುವುದು ಹೇಗೆ? ವಿಜ್ಞಾನಿಗಳು ಇದನ್ನೇ 'ಪ್ರಾವಸ್ಥೆಯ ಸಮಸ್ಯೆ' ಎನ್ನುತ್ತಾರೆ.

ಕಳೆದ ಮಾಹಿತಿಯನ್ನು ಊಹಿಸಬೇಕು, ಊಹೆಯಿಂದ ನಕ್ಷೆ ಬರೆಯಬೇಕು, ನಕ್ಷೆಯನ್ನು ನೋಡಿ ಊಹೆಯನ್ನು ತಿದ್ದಬೇಕು, ಮತ್ತೆ ನಕ್ಷೆ ಬರೆಯಬೇಕು. ಕೆಲಸ ಸುತ್ತು ಸುತ್ತಾಗಿ ಸಾಗುತ್ತದೆ. ಪ್ರತಿ ಸುತ್ತಿನಲ್ಲೂ ನಕ್ಷೆಯ ಒಂದೊಂದು ಬಿಂದುವಿಗೆ ನೂರಾರು ಅಲೆಗಳನ್ನು ಕೂಡಿಸಬೇಕು. 1930ರ ದಶಕದಲ್ಲಿ ಬೀವರ್ಸ್ ಮತ್ತು ಲಿಪ್ಸನ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಇದಕ್ಕೊಂದು ಉಪಾಯ ಮಾಡಿದರು. ಅಲೆಗಳ ಬೆಲೆಗಳನ್ನು ಮೊದಲೇ ಲೆಕ್ಕ ಹಾಕಿ ಉದ್ದನೆಯ ಕಾಗದದ ಪಟ್ಟಿಗಳ ಮೇಲೆ ಮುದ್ರಿಸಿದರು. ಸಾವಿರಾರು ಪಟ್ಟಿಗಳು, ಅವನ್ನು ಒಪ್ಪವಾಗಿ ಇಡಲು ಮರದ ಪೆಟ್ಟಿಗೆಗಳು. ಬೇಕಾದ ಪಟ್ಟಿಗಳನ್ನು ಆರಿಸಿ, ಒಂದರ ಕೆಳಗೊಂದು ಇಟ್ಟು, ಕಂಬಸಾಲಿನಲ್ಲಿ ಕೂಡಿಸಿಕೊಂಡು ಹೋಗಬೇಕು. ಒಂದು ಪಟ್ಟಿ ತಪ್ಪಾದ ಜಾಗದಲ್ಲಿ ಕುಳಿತಿತೋ, ಮುಂದಿನವರ ಲೆಕ್ಕವೆಲ್ಲ ಎಡವಟ್ಟು.

ಇಂಥ ಸಲಕರಣೆಗಳಿಂದಲೇ ಆಕ್ಸ್‌ಫರ್ಡಿನ ಡೊರೊತಿ ಹಾಡ್ಜ್‌ಕಿನ್ ಪೆನಿಸಿಲಿನ್‌ನ ರಚನೆಗೆ ಕೈಹಾಕಿದರು. ಎರಡನೆಯ ಮಹಾಯುದ್ಧದ ಕಾಲ. ಗಾಯಾಳುಗಳ ಜೀವ ಉಳಿಸುವ ಔಷಧಿ ಅದು. ಆದರೆ ಅದರ ಅಣುರಚನೆ ಏನೆಂಬುದರ ಬಗ್ಗೆ ಹೆಸರಾಂತ ರಸಾಯನಶಾಸ್ತ್ರಜ್ಞರಲ್ಲೇ ಭಿನ್ನಾಭಿಪ್ರಾಯ. ಮೂರು ಇಂಗಾಲ ಒಂದು ಸಾರಜನಕ ಸೇರಿದ ನಾಲ್ಕು ಮೂಲೆಯ ಬಿಗಿ ಉಂಗುರವೊಂದು ಅದರಲ್ಲಿದೆ ಎಂಬ ವಾದವನ್ನು ಅನೇಕರು ಒಪ್ಪಿರಲಿಲ್ಲ. 1945ರಲ್ಲಿ ಹಾಡ್ಜ್‌ಕಿನ್ ತಂಡದ ನಕ್ಷೆಯಲ್ಲಿ ಆ ಉಂಗುರ ಸಂಶಯಕ್ಕೆಡೆಯಿಲ್ಲದಂತೆ ಕಾಣಿಸಿತು. ಲೆಕ್ಕದ ಕೊನೆಯ ಹಂತಗಳಲ್ಲಿ ರಂಧ್ರ ಕೊರೆದ ಕಾರ್ಡುಗಳನ್ನು ಓದುವ ಯಂತ್ರದ ನೆರವನ್ನೂ ಅವರು ಪಡೆದಿದ್ದರು. ಯಂತ್ರ ಮೆಲ್ಲಗೆ ಒಳಗೆ ಕಾಲಿಟ್ಟಿದ್ದು ಹೀಗೆ.

ಮುಂದಿನ ಸವಾಲು ವಿಟಮಿನ್ ಬಿ-12. ಇಂಗಾಲದ ಪರಮಾಣುಗಳೇ 63, ನಡುವೆ ಒಂದು ಕೋಬಾಲ್ಟ್. ಇದು ಕಾಗದದ ಪಟ್ಟಿಗಳಿಗೆ ನಿಲುಕುವ ಮಾತಾಗಿರಲಿಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕೆನ್ನೆತ್ ಟ್ರೂಬ್ಲಡ್ ಅವರ ಬಳಿ ಆ ಕಾಲದ ವೇಗದ ಗಣಕಯಂತ್ರಗಳಲ್ಲೊಂದಾದ 'ಸ್ವ್ಯಾಕ್' ಇತ್ತು. ಆಕ್ಸ್‌ಫರ್ಡಿನಿಂದ ಅಂಕಿಗಳು ಅಟ್ಲಾಂಟಿಕ್ ದಾಟಿ ಹೋಗುತ್ತಿದ್ದವು. ಲೆಕ್ಕವಾದ ಫಲಿತಾಂಶ ಮರಳಿ ಬರುತ್ತಿತ್ತು. ಅದನ್ನು ನೋಡಿ ಯಾವ ಉಬ್ಬು ನಿಜವಾದ ಪರಮಾಣು, ಯಾವುದು ಬರಿಯ ಭ್ರಮೆ ಎಂದು ಹಾಡ್ಜ್‌ಕಿನ್ ನಿರ್ಧರಿಸುತ್ತಿದ್ದರು. 1956ರ ಹೊತ್ತಿಗೆ ರಚನೆ ಪೂರ್ಣವಾಯಿತು. 1964ರಲ್ಲಿ ಅವರಿಗೆ ನೊಬೆಲ್ ಬಂತು. ಕೂಡುವ ಕೆಲಸ ಒಂದು ಕಡೆ, ತೀರ್ಮಾನಿಸುವ ಕೆಲಸ ಇನ್ನೊಂದು ಕಡೆ ಎಂಬ ವಿಂಗಡಣೆ ಆಗಲೇ ಆಗಿಹೋಗಿತ್ತು.

ಒಂದು ಪೆಟ್ಟಿಗೆ ಕಾರ್ಡು

1960ರ ದಶಕದಲ್ಲಿ ವಿಶ್ವವಿದ್ಯಾಲಯಗಳಿಗೆ ಗಣಕಯಂತ್ರಗಳು ಬಂದವು. ಪ್ರತಿ ಪ್ರಯೋಗಾಲಯವೂ ತನ್ನದೇ ಪ್ರೋಗ್ರಾಂ ಬರೆದುಕೊಳ್ಳುತ್ತಿತ್ತು. 1965ರಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ ಕ್ಯಾರಲ್ ಜಾನ್ಸನ್ ಬರೆದ 'ಆರ್ಟೆಪ್', ಪರಮಾಣುಗಳನ್ನು ಮೊಟ್ಟೆಯಾಕಾರದಲ್ಲಿ ಚಿತ್ರಿಸುವುದನ್ನು ರೂಢಿಗೆ ತಂದಿತು. ಮೊಟ್ಟೆ ಯಾವ ದಿಕ್ಕಿಗೆ ಉದ್ದವೋ ಆ ದಿಕ್ಕಿಗೆ ಪರಮಾಣುವಿನ ಕಂಪನ ಹೆಚ್ಚು. ಅದೇ ವರ್ಷ ಕೇಂಬ್ರಿಜ್‌ನಲ್ಲಿ ಓಲ್ಗಾ ಕೆನಾರ್ಡ್, ಬಿಡಿಸಿದ ರಚನೆಗಳನ್ನೆಲ್ಲ ಒಂದೆಡೆ ಕೂಡಿಡುವ ದತ್ತಸಂಚಯವನ್ನು ಆರಂಭಿಸಿದರು. 2019ರಲ್ಲಿ ಅದು ಹತ್ತು ಲಕ್ಷ ರಚನೆಗಳನ್ನು ದಾಟಿತು.

ಅದೇ ಕೇಂಬ್ರಿಜ್‌ನಲ್ಲಿ ಜಾರ್ಜ್ ಶೆಲ್ಡ್ರಿಕ್ ಎಂಬ ತರುಣ ರಸಾಯನಶಾಸ್ತ್ರಜ್ಞ 1970ರ ಸುಮಾರಿಗೆ ತಮ್ಮ ಉಪಯೋಗಕ್ಕೆಂದು ಒಂದು ಪ್ರೋಗ್ರಾಂ ಬರೆದರು. ಹೆಸರು 'ಶೆಲ್‌ಎಕ್ಸ್'. ಕೇಳಿದವರಿಗೆ ಕೊಡಬೇಕಾಗಿ ಬಂದಾಗ ಪ್ರೋಗ್ರಾಂ ಹಾಗೂ ಪರೀಕ್ಷೆಯ ಅಂಕಿಗಳನ್ನು ಒಂದೇ ಪೆಟ್ಟಿಗೆ ಕಾರ್ಡುಗಳಲ್ಲಿ ಹಿಡಿಸುವಂತೆ ಅಡಕ ಮಾಡಿದರು. ಹೀಗೆ 1976ರಲ್ಲಿ ಹೊರಬಿದ್ದ ಆವೃತ್ತಿ ಕೈಯಿಂದ ಕೈಗೆ ದೇಶದೇಶಗಳನ್ನು ಸುತ್ತಿತು. 1978ರಲ್ಲಿ ಅವರು ಜರ್ಮನಿಯ ಗಾಟಿಂಗನ್‌ಗೆ ಹೋದರು. ಪ್ರೋಗ್ರಾಂ ಬೆಳೆಯುತ್ತಲೇ ಹೋಯಿತು. ಪ್ರಾವಸ್ಥೆಯನ್ನು ಸಂಭವನೀಯತೆಯ ಗಣಿತದಿಂದ ನೇರವಾಗಿ ಊಹಿಸಬಹುದೆಂದು ತೋರಿಸಿದ ಹೌಪ್ಟ್‌ಮನ್ ಮತ್ತು ಜೆರೋಮ್ ಕಾರ್ಲ್‌ರಿಗೆ 1985ರಲ್ಲಿ ನೊಬೆಲ್ ಸಂದಿತು. ಆ ಗಣಿತವನ್ನು ಸಾಮಾನ್ಯ ಸಂಶೋಧಕನ ಕೈಗೆಟುಕಿಸಿದ ಪ್ರೋಗ್ರಾಂಗಳಲ್ಲಿ 1986ರ ಶೆಲ್‌ಎಕ್ಸ್ ಆವೃತ್ತಿ ಮುಖ್ಯವಾದದ್ದು. ವಿದ್ಯಾಸಂಸ್ಥೆಗಳಿಗೆ ಅದನ್ನು ಉಚಿತವಾಗಿ ಕೊಡುತ್ತ ಬಂದರು.

ಇದನ್ನು ನಡೆಸುವ ಕ್ರಮ ಬಹಳ ಸರಳ. ಎರಡು ಕಡತಗಳು ಬೇಕು, ಎರಡೂ ಬರಿಯ ಅಕ್ಷರ-ಅಂಕಿಗಳ ಪಠ್ಯ. ಒಂದರಲ್ಲಿ ಚುಕ್ಕೆಗಳ ಪಟ್ಟಿ: ಪ್ರತಿ ಸಾಲಿನಲ್ಲೂ ಚುಕ್ಕೆಯ ವಿಳಾಸ ಹೇಳುವ ಮೂರು ಪೂರ್ಣಾಂಕಗಳು, ಅದರ ತೀವ್ರತೆ, ಅಳತೆಯಲ್ಲಿ ಆಗಿರಬಹುದಾದ ದೋಷ. ಇನ್ನೊಂದರಲ್ಲಿ ಸೂಚನೆಗಳು: ಬಳಸಿದ ಕ್ಷ-ಕಿರಣದ ತರಂಗದೂರ, ಹರಳಿನ ಮೂಲಘಟಕದ ಮೂರು ಬದಿ ಮತ್ತು ಮೂರು ಕೋನ, ಅದರ ಸಮಮಿತಿ, ಯಾವ ಯಾವ ಮೂಲವಸ್ತುಗಳಿವೆ, ಈವರೆಗೆ ಊಹಿಸಿದ ಪರಮಾಣುಗಳು ಎಲ್ಲಿವೆ. ಆಮೇಲೆ ಕಪ್ಪು ಪರದೆಯಲ್ಲಿ ಪ್ರೋಗ್ರಾಂನ ಹೆಸರು, ಒಂದು ತೆರಪು, ಕಡತದ ಹೆಸರು ಬರೆದು 'ಎಂಟರ್' ಒತ್ತುವುದು. ಪ್ರೋಗ್ರಾಂ ತಿದ್ದಿದ ಸ್ಥಾನಗಳ ಹೊಸ ಕಡತವೊಂದನ್ನೂ, ಏನೇನು ಮಾಡಿದೆನೆಂಬ ಉದ್ದನೆಯ ವರದಿಯೊಂದನ್ನೂ ಕೊಡುತ್ತದೆ. ಸಂಶೋಧಕ ಎರಡನ್ನೂ ಓದಿ, ತಪ್ಪೆನಿಸಿದ್ದನ್ನು ತಿದ್ದಿ, ಹೊಸ ಕಡತವನ್ನೇ ಸೂಚನೆಯ ಕಡತವಾಗಿಸಿ ಮತ್ತೆ ಆದೇಶ ಕೊಡುತ್ತಾನೆ. ಹಾಡ್ಜ್‌ಕಿನ್ ಕಾಲದ ಸುತ್ತು ಇಲ್ಲಿಯೂ ಹಾಗೆಯೇ ಇದೆ. ತಿಂಗಳು ಸೆಕೆಂಡಾಗಿದೆ, ಅಷ್ಟೆ.

ಸೂಚನೆಯ ಕಡತವನ್ನು ನೋಡಿದರೆ ಹಳೆಯ ಕಾಲದ ಗುರುತುಗಳು ಕಾಣುತ್ತವೆ. ಆದೇಶಗಳೆಲ್ಲ ನಾಲ್ಕಕ್ಷರದೊಳಗಿನ ಚುಟುಕು ಪದಗಳು. ಒಂದು ಸಾಲಿಗೆ 80 ಅಕ್ಷರಗಳ ಮಿತಿ, ಏಕೆಂದರೆ ಹಿಂದಿನ ಕಾರ್ಡಿನಲ್ಲಿದ್ದದ್ದು 80 ಕಂಬಸಾಲು. ಕಾರ್ಡು ಕಣ್ಮರೆಯಾಗಿ ದಶಕಗಳಾದರೂ ಅದರ ಅಗಲ ಉಳಿದುಕೊಂಡಿತು.

2008ರಲ್ಲಿ ಶೆಲ್ಡ್ರಿಕ್ ಈ ಪ್ರೋಗ್ರಾಂನ ಇತಿಹಾಸವನ್ನು ಹೇಳುವ ಒಂದು ಲೇಖನವನ್ನು ಸ್ಫಟಿಕವಿಜ್ಞಾನದ ಪತ್ರಿಕೆಯೊಂದರಲ್ಲಿ ಬರೆದರು. ಪ್ರೋಗ್ರಾಂ ಬಳಸಿದವರು ಇದನ್ನೇ ಉಲ್ಲೇಖಿಸಲಿ ಎಂಬ ಕೋರಿಕೆಯೂ ಅದರಲ್ಲಿತ್ತು. ಎಲ್ಲರೂ ಉಲ್ಲೇಖಿಸಿದರು. ಪರಿಣಾಮವಾಗಿ ಎರಡರ ಆಸುಪಾಸಿನಲ್ಲಿದ್ದ ಆ ಪತ್ರಿಕೆಯ 'ಪ್ರಭಾವಾಂಕ' 2009ರಲ್ಲಿ 49.9ಕ್ಕೆ ನೆಗೆಯಿತು. ಪತ್ರಿಕೆಗಳ ಯೋಗ್ಯತೆಯನ್ನು ಒಂದೇ ಅಂಕಿಯಿಂದ ಅಳೆಯುವವರಿಗೆ ಇದೊಂದು ಒಳ್ಳೆಯ ಪಾಠ. ಅತಿ ಹೆಚ್ಚು ಉಲ್ಲೇಖಗೊಂಡ ನೂರು ವೈಜ್ಞಾನಿಕ ಲೇಖನಗಳ ಪಟ್ಟಿಯನ್ನು 2014ರಲ್ಲಿ 'ನೇಚರ್' ಪ್ರಕಟಿಸಿದಾಗ ಈ ಲೇಖನ ಮೊದಲ ಇಪ್ಪತ್ತರೊಳಗಿತ್ತು.

ಬೆಂಗಳೂರಿನ ನಂಟು

ಈ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಫಟಿಕ ಅಧ್ಯಯನದ ಪರಂಪರೆ ಹಳೆಯದು. ಕೆಲವು ಪರಮಾಣುಗಳು ಕ್ಷ-ಕಿರಣವನ್ನು ತುಸು ವಿಲಕ್ಷಣವಾಗಿ ಚೆದುರಿಸುತ್ತವೆ. ಆ ಸಣ್ಣ ವ್ಯತ್ಯಾಸದಿಂದಲೇ ಕಳೆದುಹೋದ ಪ್ರಾವಸ್ಥೆಯ ಸುಳಿವು ಸಿಗುತ್ತದೆ. ಅಷ್ಟೇ ಅಲ್ಲ, ಅಣು ಎಡಗೈಯಂತಿದೆಯೋ ಬಲಗೈಯಂತಿದೆಯೋ ಎಂಬುದೂ ಗೊತ್ತಾಗುತ್ತದೆ. ಈ ವಿಷಯದಲ್ಲಿ ಎಸ್. ರಾಮಶೇಷನ್ ಮಹತ್ವದ ಕೆಲಸ ಮಾಡಿದರು. ಎಂ.ಎ. ವಿಶ್ವಮಿತ್ರ ಅವರ ಬಳಿ ಬೆಂಗಳೂರಿನಲ್ಲಿ ಸಂಶೋಧನೆ ಮಾಡಿದ ಎಂ. ವಿಜಯನ್ ಆಕ್ಸ್‌ಫರ್ಡಿಗೆ ಹೋಗಿ, 1969ರಲ್ಲಿ ಇನ್‌ಸುಲಿನ್‌ನ ರಚನೆಯನ್ನು ಬಿಡಿಸಿದ ಹಾಡ್ಜ್‌ಕಿನ್ ತಂಡದಲ್ಲಿದ್ದರು. ಹಿಂದಿರುಗಿ ಬಂದು ಬೆಂಗಳೂರಿನಲ್ಲಿ ಪ್ರೋಟೀನ್ ಹರಳುಗಳ ಅಧ್ಯಯನವನ್ನು ಬೆಳೆಸಿದರು. ವಿಶ್ವಮಿತ್ರ ಅವರು ಓಲ್ಗಾ ಕೆನಾರ್ಡ್ ಮತ್ತಿತರರೊಡನೆ 1978ರಲ್ಲಿ ಡಿಎನ್‌ಎಯ ಒಂದು ಪುಟ್ಟ ತುಣುಕಿನ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿ ತೋರಿಸಿದರು.

ಕಿಟಕಿಯ ಹಿಂದೆ ಏನಿದೆ?

ಕಪ್ಪು ಪರದೆಯಲ್ಲಿ ಆದೇಶ ಬರೆಯುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ. ಒಂದು ಅಕ್ಷರ ತಪ್ಪಿದರೂ ಪ್ರೋಗ್ರಾಂ ಮುನಿಸಿಕೊಂಡು ನಿಲ್ಲುತ್ತದೆ. ಹೀಗಾಗಿ ವಿಂಡೋಸ್ ಬಂದ ಮೇಲೆ ಅದಕ್ಕೊಂದು ಸುಲಭದ ಹೊರಮೈ ತೊಡಿಸುವ ಪ್ರಯತ್ನಗಳು ನಡೆದವು. 1999ರಲ್ಲಿ ಗ್ಲಾಸ್ಗೋದ ಲೂಯಿ ಫಾರುಜಿಯ 'ವಿನ್‌ಜಿಎಕ್ಸ್' ಅನ್ನು ಪ್ರಕಟಿಸಿದರು. 2009ರಲ್ಲಿ ಡರ್ಹಮ್‌ನಿಂದ 'ಓಲೆಕ್ಸ್-2' ಬಂತು. ಇವುಗಳಲ್ಲಿ ಅಣು ಪರದೆಯ ಮೇಲೆ ತಿರುಗುತ್ತದೆ. ಇಲಿಯಿಂದ ಪರಮಾಣುವನ್ನು ಮುಟ್ಟಿ ಇದು ಇಂಗಾಲ, ಇದು ಸಾರಜನಕ ಎಂದು ಹೆಸರಿಡಬಹುದು. ಗುಂಡಿ ಒತ್ತಿದಾಗ ಒಳಗೆ ಓಡುವುದು ಅನೇಕ ವೇಳೆ ಅದೇ ಹಳೆಯ ಶೆಲ್‌ಎಕ್ಸ್, ಅದೇ ಎರಡು ಕಡತ, ಅದೇ ಒಂದು ಸಾಲಿನ ಆದೇಶ. 2015ರಲ್ಲಿ ಶೆಲ್ಡ್ರಿಕ್ ಪ್ರಕಟಿಸಿದ 'ಶೆಲ್‌ಎಕ್ಸ್‌ಟಿ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹರಳಿನ ಸಮಮಿತಿ ಯಾವುದು, ಯಾವ ಉಬ್ಬು ಯಾವ ಮೂಲವಸ್ತು ಎಂಬುದನ್ನೂ ತಾನೇ ಊಹಿಸತೊಡಗಿತು.

ಇದರಿಂದ ಆದ ಲಾಭ ಸಣ್ಣದಲ್ಲ. ಸ್ಫಟಿಕವಿಜ್ಞಾನದಲ್ಲಿ ವಿಶೇಷ ತರಬೇತಿಯಿಲ್ಲದ ಸಾಮಾನ್ಯ ರಸಾಯನ ವಿದ್ಯಾರ್ಥಿಯೂ ತಾನು ತಯಾರಿಸಿದ ವಸ್ತುವಿನ ರಚನೆಯನ್ನು ತಾನೇ ಬಿಡಿಸಬಲ್ಲವನಾದ. ಆದರೆ ಸುಲಭವಾದದ್ದರ ಬೆನ್ನಿಗೇ ಅಪಾಯವೂ ಬರುತ್ತದೆ. ಇಂಗಾಲದಲ್ಲಿ ಆರು ಇಲೆಕ್ಟ್ರಾನು, ಸಾರಜನಕದಲ್ಲಿ ಏಳು. ಕ್ಷ-ಕಿರಣದ ಕಣ್ಣಿಗೆ ಇವೆರಡೂ ಹೆಚ್ಚುಕಡಿಮೆ ಒಂದೇ. ಪ್ರೋಗ್ರಾಂ ಒಂದನ್ನು ಇನ್ನೊಂದೆಂದು ಹೆಸರಿಸಿದರೂ ನಕ್ಷೆ ಚೆನ್ನಾಗಿಯೇ ಕಾಣುತ್ತದೆ. ಊಹಿಸಿದ ರಚನೆ ಅಳತೆಗಳಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಅಂಕಿ ಶೇಕಡಾ ಐದಕ್ಕಿಂತ ಕೆಳಗಿಳಿದರೆ ಹೊಸಬರು ಹಿಗ್ಗುತ್ತಾರೆ. ಅನುಭವಿ ಅಲ್ಲಿಗೆ ನಿಲ್ಲುವುದಿಲ್ಲ. ಇಂಗಾಲ-ಇಂಗಾಲ ಒಂಟಿ ಬಂಧ ಸುಮಾರು 1.54 ಆಂಗ್‌ಸ್ಟ್ರಾಮ್ ಇರಬೇಕು, ಜೋಡಿ ಬಂಧ 1.34, ಇಲ್ಲಿ ಯಾಕೆ ಹಾಗಿಲ್ಲ? ಈ ಪರಮಾಣುವಿನ ಮೊಟ್ಟೆ ಯಾಕೆ ಇಷ್ಟು ಊದಿಕೊಂಡಿದೆ, ಪಕ್ಕದ್ದು ಯಾಕೆ ಸೊರಗಿದೆ? ಇಂಥ ಪ್ರಶ್ನೆಗಳನ್ನು ಕೇಳುವುದು ಮನುಷ್ಯನ ಕೆಲಸ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳಿವೆ. ಅಮೆರಿಕದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ತಂಡವೊಂದು 2001ರಿಂದ ಜೀವಕೋಶದ ಪೊರೆಯಲ್ಲಿರುವ ಪ್ರೋಟೀನುಗಳ ರಚನೆಗಳನ್ನು ಪ್ರಕಟಿಸಿ ಹೆಸರು ಮಾಡಿತ್ತು. 2006ರಲ್ಲಿ ಸ್ವಿಟ್ಜರ್ಲೆಂಡಿನ ಇಬ್ಬರು ವಿಜ್ಞಾನಿಗಳು ಅದೇ ಕುಟುಂಬದ ಇನ್ನೊಂದು ಪ್ರೋಟೀನಿನ ರಚನೆಯನ್ನು ಬಿಡಿಸಿದಾಗ ಎರಡಕ್ಕೂ ತಾಳೆಯಾಗಲಿಲ್ಲ. ಹುಡುಕಿದಾಗ ದೋಷ ಸಿಕ್ಕಿತು. ಪ್ರಯೋಗಾಲಯದಲ್ಲೇ ಬಳಸುತ್ತಿದ್ದ ಪುಟ್ಟ ಪ್ರೋಗ್ರಾಂ ಒಂದು ಅಂಕಿಗಳ ಎರಡು ಕಂಬಸಾಲುಗಳನ್ನು ಅದಲುಬದಲು ಮಾಡುತ್ತಿತ್ತು. ಪರಿಣಾಮ, ಒಂದು ಚಿಹ್ನೆ ತಿರುವುಮುರುವಾಗಿ ಬಲಗೈ ಎಡಗೈಯಾಗಿತ್ತು. ರಾಮಶೇಷನ್ ಅಧ್ಯಯನ ಮಾಡಿದ ಅದೇ ಸಣ್ಣ ವ್ಯತ್ಯಾಸವನ್ನೇ ಪ್ರೋಗ್ರಾಂ ತಲೆಕೆಳಗಾಗಿ ಓದಿತ್ತು. ತಂಡ ಪ್ರಾಮಾಣಿಕವಾಗಿ ಒಪ್ಪಿಕೊಂಡು ಐದು ಪ್ರಬಂಧಗಳನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ಆ ರಚನೆಯನ್ನು ನಂಬಿ ಮುಂದುವರಿದವರೂ ಇದ್ದರು.

ಎರಡನೆಯದು ಪ್ರಾಮಾಣಿಕ ತಪ್ಪಲ್ಲ. ಚೀನಾದ ಜಿಂಗ್‌ಗಾಂಗ್‌ಷಾನ್ ವಿಶ್ವವಿದ್ಯಾಲಯದ ಎರಡು ಗುಂಪುಗಳು ಪ್ರಕಟಿಸಿದ್ದ ಕನಿಷ್ಠ 70 ರಚನೆಗಳು ಕಟ್ಟುಕಥೆಯೆಂದು ಸ್ಫಟಿಕವಿಜ್ಞಾನದ ಪತ್ರಿಕೆಯೊಂದು 2010ರ ಜನವರಿಯಲ್ಲಿ ಘೋಷಿಸಿತು. ಹಿಂದೆ ಯಾರೋ ಸರಿಯಾಗಿ ಅಳೆದಿದ್ದ ಚುಕ್ಕೆಗಳ ಪಟ್ಟಿಯನ್ನು ತೆಗೆದುಕೊಂಡು, ಸೂಚನೆಯ ಕಡತದಲ್ಲಿ ಒಂದೆರಡು ಪರಮಾಣುಗಳ ಹೆಸರನ್ನು ಮಾತ್ರ ಬದಲಿಸಿ, 'ಹೊಸ ವಸ್ತು' ಸೃಷ್ಟಿಸಿದ್ದರು. ಪ್ರೋಗ್ರಾಂ ತನಗೆ ಕೊಟ್ಟದ್ದನ್ನು ನಿಷ್ಠೆಯಿಂದ ಲೆಕ್ಕ ಹಾಕಿತ್ತು. ರಚನೆಗಳನ್ನು ತಪಾಸಣೆ ಮಾಡುವ ಇನ್ನೊಂದು ತಂತ್ರಾಂಶವನ್ನು ಸುಧಾರಿಸಿ ಪರೀಕ್ಷಿಸುತ್ತಿದ್ದಾಗ ಈ ಮೋಸ ಬೆಳಕಿಗೆ ಬಂತು. ತಂತ್ರಾಂಶ ಎತ್ತಿ ತೋರಿಸಿದ ಅನುಮಾನವನ್ನು ಬೆನ್ನುಹತ್ತಿ ಹೋದವರು ಮಾತ್ರ ಮನುಷ್ಯರೇ.

ಹಾಗಾದರೆ ಕಿಟಕಿಯನ್ನು ಮುಚ್ಚಿ ಎಲ್ಲರೂ ಮತ್ತೆ ಕಪ್ಪು ಪರದೆಗೆ ಹೋಗಬೇಕೆ? ಬೇಕಿಲ್ಲ. ಪರದೆಯ ಮೇಲೆ ಅಣುವನ್ನು ತಿರುಗಿಸಿ ನೋಡಿದಾಗ ಕಾಣುವ ಎಷ್ಟೋ ತಪ್ಪು ಅಂಕಿಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಆದರೆ ಸೂಚನೆಯ ಕಡತಕ್ಕೆ ಒಂದು ಗುಣವಿದೆ: ಸಂಶೋಧಕ ಏನೇನನ್ನು ತಾನಾಗಿ ನಿರ್ಧರಿಸಿದ, ಎಲ್ಲಿ ಒತ್ತಾಯದಿಂದ ಪರಮಾಣುವನ್ನು ಹಿಡಿದು ನಿಲ್ಲಿಸಿದ, ಎಲ್ಲಿ ಪ್ರೋಗ್ರಾಂಗೆ ಬಿಟ್ಟುಕೊಟ್ಟ ಎಂಬುದೆಲ್ಲ ಅಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಓದಬಲ್ಲ ಯಾರೇ ಆದರೂ ಓದಿ ಪ್ರಶ್ನಿಸಬಹುದು. ಗುಂಡಿ ಒತ್ತಿ ಕಲಿಯುವ ವಿದ್ಯಾರ್ಥಿಗೆ ಒಂದಾದರೂ ರಚನೆಯನ್ನು ಆ ಕಡತ ತೆರೆದು, ತನ್ನ ಕೈಯಿಂದಲೇ ಸಾಲು ತಿದ್ದಿ ಬಿಡಿಸುವಂತೆ ಹೇಳುವ ಅಧ್ಯಾಪಕರು ಬುದ್ಧಿವಂತರು. ಅದು ಹಳೆಯದರ ಮೇಲಿನ ಮೋಹವಲ್ಲ. ಲೆಕ್ಕ ಎಲ್ಲಿ ಮುಗಿಯಿತು, ತನ್ನ ತೀರ್ಮಾನ ಎಲ್ಲಿ ಶುರುವಾಯಿತು ಎಂಬುದು ಅವನಿಗೆ ಗೊತ್ತಾಗಬೇಕು.

ಶೆಲ್ಡ್ರಿಕ್ 2025ರಲ್ಲಿ ತೀರಿಕೊಂಡರು. ಅವರ ಪ್ರೋಗ್ರಾಂ ಈಗಲೂ ಲೋಕದ ಅಸಂಖ್ಯ ಪ್ರಯೋಗಾಲಯಗಳಲ್ಲಿ ಓಡುತ್ತಿದೆ. ಚುಕ್ಕೆಗಳ ಪಟ್ಟಿ ಎಲ್ಲಿಗೆ ಮುಗಿಯಿತೆಂದು ಅದಕ್ಕೆ ಹೇಳುವ ಕ್ರಮ ಇಂದಿಗೂ ಹಳೆಯದೇ: ವಿಳಾಸದ ಜಾಗದಲ್ಲಿ ಮೂರು ಸೊನ್ನೆಗಳಿರುವ ಒಂದು ಸಾಲು. ಅಲ್ಲಿಗೆ ಯಂತ್ರ ಓದುವುದನ್ನು ನಿಲ್ಲಿಸುತ್ತದೆ. ಬಂದ ಉತ್ತರವನ್ನು ನಂಬಬೇಕೋ ಬೇಡವೋ ಎಂದು ಯೋಚಿಸುವ ಕೆಲಸ ಮಾತ್ರ, ಕಾಗದದ ಪಟ್ಟಿಗಳ ಕಾಲದಲ್ಲಿದ್ದಂತೆಯೇ, ಎದುರಿಗೆ ಕುಳಿತವರ ಪಾಲಿಗೆ ಉಳಿದಿದೆ.